ಮೊದಲ ಗಣಿತ ಪೇಪರ್ ಕಳಿಸುವ ಮುನ್ನ: ಯಾವ ಜರ್ನಲ್, ಆರ್ಕೈವ್‌ಗೆ ಯಾವಾಗ, ಕಂಪ್ಯೂಟರ್ ಲೆಕ್ಕವನ್ನು ಎಲ್ಲಿಡುವುದು?

ಶೃಂಗಬಿಂದು (ಪ್ರಶ್ನೆ)

ಗ್ರಾಫ್ ಕಲರಿಂಗ್ (ಶೃಂಗಗಳೆಂಬ ಬಿಂದುಗಳು, ಅವನ್ನು ಜೋಡಿಸುವ ಅಂಚುಗಳು ಇರುವ ಜಾಲಕ್ಕೆ ಬಣ್ಣ ಹಚ್ಚುವುದು) ಬಗ್ಗೆ ಇಬ್ಬರು ಸೇರಿ ಬರೆದ ಪೇಪರ್ ಸಿದ್ಧವಾಗಿದೆ, 24 ಪುಟ. ಒಂದು ವರ್ಗದ ಗ್ರಾಫ್‌ಗಳ ವರ್ಣಸಂಖ್ಯೆಗೆ (ಅಂಚಿನಿಂದ ಸೇರಿದ ಶೃಂಗಗಳಿಗೆಲ್ಲ ಬೇರೆ ಬಣ್ಣ ಬರಲು ಬೇಕಾದ ಕನಿಷ್ಠ ಬಣ್ಣಗಳ ಸಂಖ್ಯೆಗೆ) ಈಗ ಗೊತ್ತಿರುವುದಕ್ಕಿಂತ ಚಿಕ್ಕ ಮೇಲ್ಮಿತಿ ಸಿಕ್ಕಿದೆ. ಆ ಮಿತಿಯನ್ನು ಇನ್ನೂ ಇಳಿಸಲಾಗದು ಎಂದು ತೋರಿಸುವ ಉದಾಹರಣೆಗಳೂ ಇವೆ. ಸಾಧನೆಯ (ಪ್ರಮೇಯ ಸರಿಯೆಂದು ತೋರಿಸುವ ವಾದದ) ಒಂದು ಹಂತದಲ್ಲಿ 10 ಶೃಂಗಗಳವರೆಗಿನ ಕನೆಕ್ಟೆಡ್ (ಬಿಡಿ ತುಂಡುಗಳಿಲ್ಲದ) ಗ್ರಾಫ್‌ಗಳನ್ನೆಲ್ಲ ಪ್ರೋಗ್ರಾಂ ಬರೆದು ಪರೀಕ್ಷಿಸಿದ್ದೇವೆ.

ಕೇಳಬೇಕಾದ್ದು ಇಷ್ಟು: ಜರ್ನಲ್ ಆಯ್ಕೆ ಮಾಡುವುದು ಹೇಗೆ, ದುಡ್ಡು ಕಟ್ಟಬೇಕಾಗುತ್ತದೆಯೇ? ಸಮಯ ಉಳಿಸಲು ಎರಡು ಜರ್ನಲ್‌ಗೆ ಒಟ್ಟಿಗೇ ಕಳಿಸಬಹುದೇ? ಆರ್ಕೈವ್‌ಗೆ (ಅಚ್ಚಿಗೆ ಮೊದಲೇ ಪೇಪರ್‌ಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವ arXiv ತಾಣಕ್ಕೆ) ಹಾಕುವುದು ಜರ್ನಲ್‌ಗೆ ಕಳಿಸುವ ಮೊದಲೋ ಆಮೇಲೋ? ಪ್ರೋಗ್ರಾಂ ಭಾಗವನ್ನು ರೆಫರಿ (ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ತಜ್ಞರು) ಒಪ್ಪುವಂತೆ ಬರೆಯುವುದು ಹೇಗೆ? ಕಳಿಸಿದ ಮೇಲೆ ಎಷ್ಟು ದಿನ ಸುಮ್ಮನಿರಬೇಕು?

ರೇಖಾಜಾಲ

ಜರ್ನಲ್ ಹುಡುಕುವುದನ್ನು ನಿಮ್ಮ ಪೇಪರಿನ ಕೊನೆಯ ಪುಟದಿಂದಲೇ ಶುರು ಮಾಡಿ. ರೆಫರೆನ್ಸ್ ಪಟ್ಟಿಯಲ್ಲಿ ನೀವು ನಿಜವಾಗಿ ಆಧರಿಸಿರುವ ಆರೇಳು ಪೇಪರ್‌ಗಳು ಎಲ್ಲಿ ಅಚ್ಚಾಗಿವೆ ನೋಡಿ. ನೀವು ಸುಧಾರಿಸಿದ ಹಳೆಯ ಮಿತಿ ಯಾವ ಜರ್ನಲ್‌ನಲ್ಲಿ ಬಂದಿತ್ತೋ ಅದನ್ನೇ ಮೊದಲು ಪರಿಗಣಿಸಬೇಕು. ಆ ಪ್ರಶ್ನೆ ಮುಖ್ಯವೆಂದು ಆ ಜರ್ನಲ್ ಒಮ್ಮೆ ಒಪ್ಪಿಯಾಗಿದೆ. ನಿಮ್ಮ ಪಟ್ಟಿಯಲ್ಲಿ ಒಂದೇ ಒಂದು ಸಲವೂ ಕಾಣಿಸದ ಜರ್ನಲ್ ನಿಮ್ಮ ಪೇಪರಿಗೆ ಬಹುಶಃ ಸೂಕ್ತವಲ್ಲ.

ಆಮೇಲೆ ಎಡಿಟೋರಿಯಲ್ ಬೋರ್ಡ್ ಪುಟ ತೆರೆಯಿರಿ. ನಿಮ್ಮ ಪೀಠಿಕೆ ಓದಿದರೆ ಅದರ ತೂಕ ಗೊತ್ತಾಗುವಂಥ ಎಡಿಟರ್ ಒಬ್ಬರಾದರೂ ಅಲ್ಲಿರಬೇಕು. ಹೊಸಬರು ಹೆಚ್ಚಾಗಿ ಕಡೆಗಣಿಸುವುದು ಇದನ್ನೇ, ಪೇಪರಿನ ಗತಿ ಬಹುಪಾಲು ನಿರ್ಧಾರವಾಗುವುದೂ ಇಲ್ಲೇ. ಪೇಪರ್ ಬಂದ ಕೂಡಲೇ ಎಡಿಟರ್ ಅದನ್ನು ಪೂರ್ತಿ ಪರಿಶೀಲನೆಗೆ ಕಳಿಸುವುದಿಲ್ಲ. ಬಹಳಷ್ಟು ಜರ್ನಲ್‌ಗಳಲ್ಲಿ ಮೊದಲು ಒಬ್ಬರೋ ಇಬ್ಬರೋ ತಜ್ಞರಿಗೆ ಚುಟುಕಾದ ಅಭಿಪ್ರಾಯ ಕೇಳುತ್ತಾರೆ: ಸಾಧನೆ ಸರಿಯಿದೆ ಎಂದಿಟ್ಟುಕೊಂಡರೆ ಇದು ನಮ್ಮ ಜರ್ನಲ್ ಮಟ್ಟದ್ದೇ? ಆ ತಜ್ಞರು ಓದುವುದು ಪೀಠಿಕೆಯನ್ನಷ್ಟೇ. ಕೆಲವು ವಾರಗಳಲ್ಲೋ ಎರಡು ಮೂರು ತಿಂಗಳಲ್ಲೋ ಬರುವ ‘ನಮ್ಮ ಜರ್ನಲ್‌ಗೆ ಹೊಂದುವುದಿಲ್ಲ’ ಎಂಬ ಪತ್ರದ ಹಿಂದೆ ಇರುವುದು ಸಾಮಾನ್ಯವಾಗಿ ಇದೇ ಪ್ರಕ್ರಿಯೆ. ಸಾಧನೆ ತಪ್ಪು ಎಂದು ಅದರ ಅರ್ಥವಲ್ಲ.

ನಿಮ್ಮ ವಿಷಯಕ್ಕೆ ‘ಜರ್ನಲ್ ಆಫ್ ಕಾಂಬಿನೇಟೋರಿಯಲ್ ಥಿಯರಿ, ಸೀರೀಸ್ ಬಿ’ ಮತ್ತು ‘ಕಾಂಬಿನೇಟೋರಿಕಾ’ ಬಹಳ ಮೇಲಿನವು. ಹಳೆಯ ಮಿತಿಯನ್ನು ಸ್ವಲ್ಪ ಇಳಿಸಿದ್ದಷ್ಟೇ ಆದರೆ ಅಲ್ಲಿ ಸಾಲದು, ಸಾಧನೆಯಲ್ಲಿ ಹೊಸ ಉಪಾಯ ಬೇಕು. ‘ಜರ್ನಲ್ ಆಫ್ ಗ್ರಾಫ್ ಥಿಯರಿ’, ‘ಯುರೋಪಿಯನ್ ಜರ್ನಲ್ ಆಫ್ ಕಾಂಬಿನೇಟೋರಿಕ್ಸ್’, ‘ಸಿಯಾಮ್ ಜರ್ನಲ್ ಆನ್ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್’, ‘ಎಲೆಕ್ಟ್ರಾನಿಕ್ ಜರ್ನಲ್ ಆಫ್ ಕಾಂಬಿನೇಟೋರಿಕ್ಸ್’ ಇವುಗಳನ್ನು ನೋಡಿ. ‘ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್’, ‘ಗ್ರಾಫ್ಸ್ ಅಂಡ್ ಕಾಂಬಿನೇಟೋರಿಕ್ಸ್’ ಕೂಡ ಗಟ್ಟಿ ಜರ್ನಲ್‌ಗಳೇ. ಪುಟಮಿತಿಯನ್ನೂ ಗಮನಿಸಿ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ‘ಪ್ರೊಸೀಡಿಂಗ್ಸ್’ ಅವರ ಅಚ್ಚಿನ 15 ಪುಟ ಮೀರದ ಪೇಪರ್‌ಗಳಿಗೆ ಮೀಸಲು, ಅದಕ್ಕಿಂತ ಉದ್ದವಾದರೆ ‘ಟ್ರಾನ್ಸಾಕ್ಷನ್ಸ್’ ಇದೆ.

ದುಡ್ಡಿನ ಮಾತು. ಗಣಿತದಲ್ಲಿ ಪೇಪರ್ ಅಚ್ಚಾಗಲು ಲೇಖಕರು ದುಡ್ಡು ಕಟ್ಟಲೇಬೇಕಾದ ಪರಿಸ್ಥಿತಿ ಇಲ್ಲ. ಚಂದಾ ಜರ್ನಲ್‌ಗಳಲ್ಲಿ ಪೇಪರ್ ಒಪ್ಪಿಗೆಯಾದ ಮೇಲೆ ಒಂದು ಫಾರ್ಮ್ ಬರುತ್ತದೆ, ಓಪನ್ ಆಕ್ಸೆಸ್ (ಓದುಗರಿಗೆ ಉಚಿತ, ಶುಲ್ಕ ಲೇಖಕರದು) ಬೇಕೇ, ಚಂದಾ ಮಾರ್ಗ ಸಾಕೇ ಎಂದು. ಚಂದಾ ಮಾರ್ಗಕ್ಕೆ ಲೇಖಕರು ಏನೂ ಕೊಡಬೇಕಿಲ್ಲ. ಅವಸರದಲ್ಲಿ ಕ್ಲಿಕ್ ಮಾಡಿದರೆ ದೊಡ್ಡ ಮೊತ್ತದ ಬಿಲ್ ಬರಬಹುದು, ಆ ಫಾರ್ಮನ್ನು ಸಾವಕಾಶವಾಗಿ ಓದಿ. ಓದುಗರಿಗೂ ಲೇಖಕರಿಗೂ ಎರಡೂ ಕಡೆ ಉಚಿತವಾದ ಜರ್ನಲ್‌ಗಳೂ ಇವೆ. ‘ಎಲೆಕ್ಟ್ರಾನಿಕ್ ಜರ್ನಲ್ ಆಫ್ ಕಾಂಬಿನೇಟೋರಿಕ್ಸ್’ 1994ರಿಂದ ಹಾಗೆಯೇ ನಡೆದುಬಂದಿದೆ. ‘ಕಾಂಬಿನೇಟೋರಿಯಲ್ ಥಿಯರಿ’ ಹುಟ್ಟಿದ್ದು 2020ರಲ್ಲಿ ಒಂದು ಚಂದಾ ಜರ್ನಲ್‌ನ ಎಡಿಟರ್‌ಗಳಲ್ಲಿ ಬಹುಪಾಲು ಮಂದಿ ಹೊರಬರಲು ತೀರ್ಮಾನಿಸಿದ ಮೇಲೆ. ‘ಡಿಸ್ಕ್ರೀಟ್ ಅನಾಲಿಸಿಸ್’ ಅಂತೂ ಪೇಪರ್‌ಗಳನ್ನು ತಾನು ಇಟ್ಟುಕೊಳ್ಳುವುದೇ ಇಲ್ಲ. ಅದರ ಪೇಪರ್‌ಗಳೆಲ್ಲ ಆರ್ಕೈವ್‌ನಲ್ಲೇ ಇರುತ್ತವೆ, ಪರಿಶೀಲನೆಯನ್ನಷ್ಟೇ ಜರ್ನಲ್ ಮಾಡುತ್ತದೆ.

ಆರ್ಕೈವ್‌ಗೆ ಪೇಪರ್ ಹಾಕಿದ ಕೆಲವೇ ದಿನಗಳಲ್ಲಿ ‘ನಿಮ್ಮ ಅಮೂಲ್ಯ ಸಂಶೋಧನೆಯನ್ನು ನಮ್ಮ ಜರ್ನಲ್‌ಗೆ ಕೊಡಿ, ವಾರದೊಳಗೆ ಪರಿಶೀಲನೆ’ ಎಂಬ ಮೇಲ್‌ಗಳು ಬರತೊಡಗುತ್ತವೆ. ಉತ್ತರಿಸಬೇಡಿ. 24 ಪುಟದ ಸಾಧನೆಯನ್ನು ಒಂದು ವಾರದಲ್ಲಿ ಸಾಲುಸಾಲಾಗಿ ಪರೀಕ್ಷಿಸಿ ಕೊಡುವ ರೆಫರಿಗಳು ಸಿಗುವುದಿಲ್ಲ. ಐಎಸ್‌ಎಸ್‌ಎನ್ (ಜರ್ನಲ್‌ನ ನೋಂದಣಿ ಸಂಖ್ಯೆ) ಇದೆ, ಡಿಒಐ (ಪೇಪರಿನ ಶಾಶ್ವತ ಗುರುತು) ಕೊಡುತ್ತಾರೆ ಎನ್ನುವುದರಿಂದ ಏನೂ ಸಾಬೀತಾಗದು. ಗಣಿತ ಪೇಪರ್‌ಗಳ ಡೇಟಾಬೇಸ್ ಆದ ಝಡ್‌ಬಿಮ್ಯಾಥ್ ಓಪನ್ 2021ರಿಂದ ಎಲ್ಲರಿಗೂ ಉಚಿತ. ಅಲ್ಲಿ ಜರ್ನಲ್ ಹೆಸರು ಹಾಕಿ, ಇತ್ತೀಚಿನ ಸಂಚಿಕೆಗಳು ಕ್ರಮವಾಗಿ ಸೇರಿವೆಯೇ ನೋಡಿ. ಲೈಬ್ರರಿಯಲ್ಲಿ ಅಂಥದ್ದೇ ಇನ್ನೊಂದಾದ ಮ್ಯಾಥ್‌ಸೈನೆಟ್ ಇದ್ದರೆ ಅಲ್ಲೂ ನೋಡಿ. ಬೋರ್ಡಿನಲ್ಲಿರುವವರು ತಮ್ಮ ಸ್ವಂತ ವೆಬ್ ಪುಟದಲ್ಲಿ ಆ ಜರ್ನಲ್ ಹೆಸರು ಹೇಳಿಕೊಂಡಿದ್ದಾರೆಯೇ ಎನ್ನುವುದೂ ಒಳ್ಳೆಯ ಪರೀಕ್ಷೆ.

ಎರಡು ಜರ್ನಲ್‌ಗೆ ಒಟ್ಟಿಗೆ ಕಳಿಸುವ ಯೋಚನೆ ಬೇಡವೇ ಬೇಡ. ಸಲ್ಲಿಸುವಾಗಲೇ ‘ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ’ ಎಂಬ ಘೋಷಣೆಗೆ ಒಪ್ಪಿರುತ್ತೀರಿ. ರೆಫರಿಗಳು ಸಂಬಳವಿಲ್ಲದೆ ಓದುವವರು. ಚಿಕ್ಕ ಕ್ಷೇತ್ರದಲ್ಲಿ ಎರಡೂ ಜರ್ನಲ್‌ಗಳ ಪತ್ರ ಒಬ್ಬರದೇ ಟೇಬಲ್‌ಗೆ ಬಂದು ಬೀಳುವ ಸಂಭವ ದೊಡ್ಡದು. ಹಾಗಾದರೆ ಎರಡೂ ಕಡೆ ತಿರಸ್ಕಾರ, ಜೊತೆಗೆ ಎಡಿಟರ್‌ಗಳ ನೆನಪಿನಲ್ಲಿ ನಿಮ್ಮ ಹೆಸರು.

ಸಮಶೇಷ

ಮೇಲಿನವರು ‘ಪೀಠಿಕೆಯನ್ನಷ್ಟೇ ಓದುತ್ತಾರೆ’ ಎಂದರಲ್ಲ, ಆ ಪೀಠಿಕೆ ಹೇಗಿರಬೇಕು ಎನ್ನುವುದನ್ನು ಸೇರಿಸುತ್ತೇನೆ.

ಮುಖ್ಯ ಪ್ರಮೇಯ ಮೊದಲ ಪುಟದಲ್ಲೇ ಬರಬೇಕು, ತೀರಾ ತಡವಾದರೆ ಎರಡನೆಯ ಪುಟ. ಗ್ರಾಫ್ ಎಂದರೇನು, ಶೃಂಗ ಎಂದರೇನು ಎಂದು ಒಂದೂವರೆ ಪುಟ ಬರೆದು ಆಮೇಲೆ ಫಲಿತಾಂಶ ಹೇಳುವ ಕ್ರಮ ಪದವಿಯ ಮಹಾಪ್ರಬಂಧಕ್ಕೆ ಸರಿ, ಪೇಪರಿಗಲ್ಲ. ಪ್ರಮೇಯದ ಹೇಳಿಕೆ ತನ್ನಷ್ಟಕ್ಕೆ ಪೂರ್ತಿಯಾಗಿರಬೇಕು. ಶರತ್ತುಗಳೆಲ್ಲ ಅದರೊಳಗೇ ಇರಬೇಕು, ‘ಈ ಪೇಪರ್ ಉದ್ದಕ್ಕೂ ಗ್ರಾಫ್‌ಗಳು ಕನೆಕ್ಟೆಡ್ ಎಂದಿಟ್ಟುಕೊಳ್ಳೋಣ’ ಎಂದು ಎಲ್ಲೋ ಮೂಲೆಯಲ್ಲಿ ಬರೆದರೆ ಸಾಲದು. ಯಾಕೆ ಎನ್ನುವುದಕ್ಕೆ ನಿಮ್ಮ ಕ್ಷೇತ್ರದ್ದೇ ಉದಾಹರಣೆ, 1941ರ ಬ್ರೂಕ್ಸ್ ಪ್ರಮೇಯ. ಕನೆಕ್ಟೆಡ್ ಗ್ರಾಫ್ ಒಂದು ಕಂಪ್ಲೀಟ್ ಗ್ರಾಫ್ (ಪ್ರತಿ ಎರಡು ಶೃಂಗಗಳ ನಡುವೆಯೂ ಅಂಚಿರುವಂಥದ್ದು) ಆಗಿರದೆ, ಬೆಸ ಉದ್ದದ ಚಕ್ರವೂ ಆಗಿರದಿದ್ದರೆ ಅದರ ವರ್ಣಸಂಖ್ಯೆ ಗರಿಷ್ಠ ಡಿಗ್ರಿಯನ್ನು (ಒಂದು ಶೃಂಗಕ್ಕೆ ಸೇರುವ ಅಂಚುಗಳ ಗರಿಷ್ಠ ಸಂಖ್ಯೆಯನ್ನು) ಮೀರುವುದಿಲ್ಲ. ಇದರಲ್ಲಿ ‘ಕನೆಕ್ಟೆಡ್’ ಎಂಬ ಒಂದು ಪದ ಬಿಟ್ಟುನೋಡಿ. ನಾಲ್ಕು ಶೃಂಗಗಳ ಕಂಪ್ಲೀಟ್ ಗ್ರಾಫಿನ ಪಕ್ಕದಲ್ಲಿ ಒಂಟಿ ಶೃಂಗವೊಂದನ್ನು ಇಡಿ. ಈಗ ಇಡೀ ಗ್ರಾಫ್ ಕಂಪ್ಲೀಟ್ ಅಲ್ಲ, ಬೆಸ ಚಕ್ರವೂ ಅಲ್ಲ. ಗರಿಷ್ಠ ಡಿಗ್ರಿ 3, ಆದರೆ ಬಣ್ಣ 4 ಬೇಕು. ಪ್ರಮೇಯ ಬಿದ್ದುಹೋಯಿತು. ಚುಟುಕು ಅಭಿಪ್ರಾಯ ಕೊಡುವ ತಜ್ಞರು ಮಾಡುವುದೂ ಇದನ್ನೇ, ಹೇಳಿಕೆಗೆ ಒಂದು ಚಿಕ್ಕ ಪ್ರತಿ-ಉದಾಹರಣೆ ಹುಡುಕುತ್ತಾರೆ. ಸಾಧನೆಯೊಳಗೆ ಎಲ್ಲವೂ ಸರಿಯಿದ್ದು ಹೇಳಿಕೆಯಲ್ಲಿ ಶರತ್ತು ಬಿಟ್ಟುಹೋಗಿದ್ದರೂ ಪೇಪರ್ ಅಲ್ಲಿಗೇ ನಿಂತಿತು.

ಪ್ರಮೇಯದ ಕೆಳಗೇ ಹೋಲಿಕೆ ಬರಲಿ. ಹಳೆಯ ಮಿತಿ ಎಷ್ಟು, ಯಾರದು, ಯಾವ ವರ್ಷದ್ದು, ನಿಮ್ಮದು ಎಷ್ಟು, ವ್ಯತ್ಯಾಸ ಯಾವಾಗ ಎದ್ದುಕಾಣುತ್ತದೆ. ‘ಹಿಂದಿನ ಫಲಿತಾಂಶಗಳನ್ನು ಗಣನೀಯವಾಗಿ ಸುಧಾರಿಸುತ್ತೇವೆ’ ಎಂಬ ಸಾಲಿನಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಎರಡು ಸೂತ್ರಗಳನ್ನು ಒಂದರ ಕೆಳಗೆ ಒಂದಿಟ್ಟರೆ ತಾನಾಗಿ ತಿಳಿಯುತ್ತದೆ. ಮಿತಿ ಇಳಿಯಲಾರದು ಎನ್ನುವ ಉದಾಹರಣೆಗಳು ನಿಮ್ಮ ಬಳಿ ಇವೆಯಲ್ಲ, ಅವನ್ನು ಕೊನೆಯ ವಿಭಾಗದಲ್ಲಿ ಹೂತಿಡಬೇಡಿ, ಪೀಠಿಕೆಯಲ್ಲೇ ಎರಡನೆಯ ಪ್ರಮೇಯವಾಗಿ ಹೇಳಿ. ಮಿತಿಯ ಪೇಪರಿಗೆ ಅದೇ ಬಲ.

ಆಮೇಲೆ ಅರ್ಧ ಪುಟದಿಂದ ಒಂದು ಪುಟದವರೆಗೆ ಸಾಧನೆಯ ಹಾದಿ: ಹಳೆಯ ವಿಧಾನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು, ನೀವು ಆ ತಡೆಯನ್ನು ಹೇಗೆ ದಾಟಿದಿರಿ. ಎಡಿಟರ್ ಹುಡುಕುವ ‘ಹೊಸ ಉಪಾಯ’ ಸಿಗುವುದು ಇಲ್ಲೇ. ಇದನ್ನು ಬರೆಯದೆ ‘ಸಾಧನೆ ವಿಭಾಗ 3ರಲ್ಲಿದೆ’ ಎಂದು ಮುಗಿಸಿದ ಪೇಪರ್‌ಗಳು ಒಳ್ಳೆಯ ಗಣಿತವಿದ್ದೂ ವಾಪಸ್ ಬರುತ್ತವೆ, ಅದು ನಿಜಕ್ಕೂ ನೋವಿನ ಸಂಗತಿ.

ಸಾರಾಂಶದಲ್ಲಿ ರೆಫರೆನ್ಸ್ ಸಂಖ್ಯೆ ಬೇಡ, ಏಕೆಂದರೆ ಸಾರಾಂಶ ಒಂಟಿಯಾಗಿ ಡೇಟಾಬೇಸ್‌ಗಳಲ್ಲಿ ಓಡಾಡುತ್ತದೆ, ಅಲ್ಲಿ ‘[7]ರ ಪ್ರಶ್ನೆಗೆ ಉತ್ತರ’ ಎಂದರೆ ಯಾರಿಗೂ ಅರ್ಥವಾಗದು. ಗಣಿತ ವಿಷಯ ವರ್ಗೀಕರಣದ (ಎಂಎಸ್‌ಸಿ) 2020ರ ಆವೃತ್ತಿಯಿಂದ ಸಂಕೇತ ಹಾಕಿ. ಗ್ರಾಫ್ ಕಲರಿಂಗ್‌ಗೆ 05ಸಿ15 ಮುಖ್ಯ ಸಂಕೇತ, ಗ್ರಾಫ್ ವರ್ಗಗಳ ರಚನೆಯ ಮಾತಿದ್ದರೆ 05ಸಿ75 ಎರಡನೆಯದು. ಪೇಪರ್ ಯಾವ ಎಡಿಟರ್‌ಗೆ ಹೋಗಬೇಕು ಎನ್ನುವುದಕ್ಕೆ ಇದನ್ನೂ ನೋಡುವುದುಂಟು. ಲೇಖಕರ ಹೆಸರು ಗಣಿತದಲ್ಲಿ ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿರುತ್ತದೆ, ‘ಮೊದಲ ಲೇಖಕ’ ಎಂಬ ಪಟ್ಟ ಇಲ್ಲ.

ಕವರ್ ಲೆಟರ್ ಐದಾರು ಸಾಲು ಸಾಕು: ಶೀರ್ಷಿಕೆ, ಮುಖ್ಯ ಫಲಿತಾಂಶ ಎರಡು ವಾಕ್ಯದಲ್ಲಿ, ಬೋರ್ಡಿನಲ್ಲಿ ಯಾರು ಸೂಕ್ತ ಎಂಬ ಸಲಹೆ, ಬೇರೆಲ್ಲೂ ಕಳಿಸಿಲ್ಲ ಎಂಬ ಮಾತು. ಹೊಗಳಿಕೆಗೆ ಅಲ್ಲಿ ಜಾಗವಿಲ್ಲ.

ಮೂಲಕಡತ

ಆರ್ಕೈವ್ ವಿಚಾರ. ಜರ್ನಲ್‌ಗೆ ಕಳಿಸುವ ಒಂದೆರಡು ವಾರ ಮೊದಲೇ ಹಾಕುವುದು ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ‘ಇದೇ ಲೆಮ್ಮಾ (ಸಹಾಯಕ ಪ್ರಮೇಯ) ಇನ್ನೊಂದು ಪೇಪರ್‌ನಲ್ಲಿದೆ’, ‘ಈ ಹಂತ ಅರ್ಥವಾಗಲಿಲ್ಲ’ ಎಂದು ಹೇಳುವವರು ಹೇಳುವುದು ಆ ಮೊದಲ ದಿನಗಳಲ್ಲೇ. ಆ ತಿದ್ದುಪಡಿಯೊಂದಿಗೆ ಜರ್ನಲ್‌ಗೆ ಹೋದರೆ ರೆಫರಿಯ ಒಂದು ಸುತ್ತು ಉಳಿಯುತ್ತದೆ. ಆದ್ಯತೆಯ ದಿನಾಂಕವೂ ದಾಖಲಾಗುತ್ತದೆ. ಗಣಿತದ ಜರ್ನಲ್‌ಗಳು ಸಾಮಾನ್ಯವಾಗಿ ಇದನ್ನು ಆಕ್ಷೇಪಿಸುವುದಿಲ್ಲ, ಆದರೂ ಆಯಾ ಜರ್ನಲ್ ನಿಯಮ ಓದಿ. ಲೇಖಕರ ಹೆಸರು ಮುಚ್ಚಿ ಪರಿಶೀಲಿಸುವ ಜರ್ನಲ್‌ಗಳಿಗೆ ಹೆಸರು, ಸಂಸ್ಥೆ, ಕೃತಜ್ಞತೆ ಎಲ್ಲ ತೆಗೆದ ಪ್ರತ್ಯೇಕ ಪಿಡಿಎಫ್ ಬೇಕಾಗುತ್ತದೆ. ‘ನಮ್ಮ ಹಿಂದಿನ ಪೇಪರ್‌ನಲ್ಲಿ’ ಎಂಬ ಪ್ರಯೋಗಗಳನ್ನೂ ತಿದ್ದಬೇಕು.

ಆರ್ಕೈವ್‌ಗೆ ಮೊದಲ ಸಲ ಹಾಕುವವರಿಗೆ ಎಂಡಾರ್ಸ್‌ಮೆಂಟ್ ಬೇಕಾಗಬಹುದು. ಅದೇ ವಿಭಾಗದಲ್ಲಿ ಈಗಾಗಲೇ ಪೇಪರ್ ಹಾಕಿರುವ, ನಿಮ್ಮನ್ನು ಬಲ್ಲ ಒಬ್ಬರು ಒಪ್ಪಿಗೆ ಕೊಡಬೇಕು. ಅದು ಸಾಧನೆ ಸರಿ ಎಂಬ ಸರ್ಟಿಫಿಕೇಟ್ ಅಲ್ಲ, ವಿಷಯ ಆ ವಿಭಾಗಕ್ಕೆ ಸೇರಿದ್ದು ಎನ್ನುವುದಷ್ಟೇ. ಗುರುತಿಲ್ಲದವರಿಗೆಲ್ಲ ಮೇಲ್ ಹಾಕುವುದಕ್ಕಿಂತ ನಿಮ್ಮ ಗೈಡ್‌ರನ್ನೋ ಸಹಲೇಖಕರನ್ನೋ ಕೇಳಿ. ನಿಮ್ಮ ಪೇಪರಿಗೆ ಕಾಂಬಿನೇಟೋರಿಕ್ಸ್ ವಿಭಾಗ ಮುಖ್ಯ, ಕಂಪ್ಯೂಟರ್ ಸೈನ್ಸ್‌ನ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ವಿಭಾಗಕ್ಕೆ ಕ್ರಾಸ್-ಲಿಸ್ಟ್ ಮಾಡಬಹುದು (ಅಲ್ಲೂ ಕಾಣುವಂತೆ).

ತಪ್ಪಾಗುವ ಕಡೆಗಳನ್ನು ಹೇಳುತ್ತೇನೆ. ಲೇಟೆಕ್‌ನಲ್ಲಿ (ಗಣಿತ ಬರಹ ಜೋಡಿಸುವ ತಂತ್ರಾಂಶದಲ್ಲಿ) ಬರೆದ ಪೇಪರಿನ ಬರೀ ಪಿಡಿಎಫ್ ಹಾಕಲು ಹೋದರೆ ಆರ್ಕೈವ್ ಒಪ್ಪುವುದಿಲ್ಲ, ಮೂಲ ಕಡತಗಳೇ ಬೇಕು. ಆ ಮೂಲ ಕಡತಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪಿಡಿಎಫ್‌ನಲ್ಲಿ ಕಾಣದಂತೆ ಶೇಕಡಾ ಚಿಹ್ನೆ ಹಾಕಿ ನೀವಿಬ್ಬರು ಬರೆದುಕೊಂಡ ‘ಈ ಹಂತ ಖಚಿತವೇ?’, ‘ರೆಫರಿಗೆ ಇದು ಇಷ್ಟವಾಗದು’ ಎಂಬ ಟಿಪ್ಪಣಿಗಳೆಲ್ಲ ಲೋಕಕ್ಕೆ ತೆರೆದಂತೆ. ಹಾಕುವ ಮುನ್ನ ಕಾಮೆಂಟ್‌ಗಳನ್ನೆಲ್ಲ ಅಳಿಸಿ, ಬಳಸದ ಚಿತ್ರಗಳನ್ನೂ ಹಳೆಯ ಕರಡುಗಳನ್ನೂ ಫೋಲ್ಡರ್‌ನಿಂದ ತೆಗೆಯಿರಿ. ರೆಫರೆನ್ಸ್‌ಗಳಿಗೆ ಬಿಬ್‌ಟೆಕ್ ಬಳಸಿದ್ದರೆ ಅದು ಹುಟ್ಟಿಸಿದ ಬಿಬಿಎಲ್ ಕಡತವನ್ನೂ ಜೊತೆಗಿಡಿ, ಇಲ್ಲವಾದರೆ ಪಟ್ಟಿ ಖಾಲಿಯಾಗಿ ಉಲ್ಲೇಖಗಳ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಕೂರಬಹುದು. ಕಡತದ ಹೆಸರುಗಳಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ನಿಮ್ಮ ಕಂಪ್ಯೂಟರ್‌ನಲ್ಲಿ ಓಡಿದ್ದು ಅಲ್ಲಿ ‘ಚಿತ್ರ ಸಿಗಲಿಲ್ಲ’ ಎಂದು ನಿಲ್ಲುವುದು ಹೆಚ್ಚಾಗಿ ಇದರಿಂದ. ಸಾರಾಂಶದ ಪೆಟ್ಟಿಗೆಗೆ 1920 ಅಕ್ಷರಗಳ ಮಿತಿ ಇದೆ, ಅಲ್ಲಿ ನಿಮ್ಮ ಸ್ವಂತ ಮ್ಯಾಕ್ರೋಗಳು (ನೀವೇ ಮಾಡಿಕೊಂಡ ಸಂಕ್ಷಿಪ್ತ ಆದೇಶಗಳು) ಕೆಲಸ ಮಾಡುವುದಿಲ್ಲ.

ಲೈಸೆನ್ಸ್ ಆಯ್ಕೆಯನ್ನು ಆಮೇಲೆ ಹಿಂಪಡೆಯಲಾಗದು. ಯಾವ ಜರ್ನಲ್ ಎಂದು ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಆರ್ಕೈವ್‌ನ ಸ್ವಂತ ನಾನ್-ಎಕ್ಸ್‌ಕ್ಲೂಸಿವ್ ಲೈಸೆನ್ಸ್ ಸಾಕು, ಅದು ಹಂಚುವ ಹಕ್ಕನ್ನಷ್ಟೇ ಕೊಡುತ್ತದೆ. ಒಮ್ಮೆ ಪ್ರಕಟವಾದ ಆವೃತ್ತಿ ಅಳಿಯುವುದಿಲ್ಲ. ತಪ್ಪು ಸಿಕ್ಕಿದರೆ ಎರಡನೆಯ ಆವೃತ್ತಿ ಹಾಕಬಹುದು, ಪೇಪರನ್ನು ಹಿಂತೆಗೆದುಕೊಂಡೆ ಎಂದು ಘೋಷಿಸಬಹುದು, ಆದರೆ ಮೊದಲನೆಯದು ಅಲ್ಲೇ ಕಾಣುತ್ತಿರುತ್ತದೆ. ಆದ್ದರಿಂದ ಸಹಲೇಖಕರು ಕೊನೆಯ ಪಿಡಿಎಫ್ ಓದಿ ‘ಸರಿ’ ಎನ್ನುವವರೆಗೆ ಬಟನ್ ಒತ್ತಬೇಡಿ.

ಅನುಕ್ರಮ

ಪ್ರೋಗ್ರಾಂ ಭಾಗದ ಬಗ್ಗೆ ಯಾರೂ ಹೇಳಿಲ್ಲ, ನಿಮ್ಮ ಪೇಪರ್‌ನಲ್ಲಿ ರೆಫರಿ ಮೊದಲು ಕೈ ಇಡುವುದು ಅಲ್ಲೇ.

‘10 ಶೃಂಗಗಳವರೆಗೆ ಕಂಪ್ಯೂಟರ್‌ನಿಂದ ಪರೀಕ್ಷಿಸಿದ್ದೇವೆ’ ಎಂಬ ಒಂದೇ ವಾಕ್ಯ ಸಾಧನೆಯಾಗದು. ಅದನ್ನು ಲೆಮ್ಮಾ ಆಗಿ ಬರೆಯಿರಿ. ಹೇಳಿಕೆ ನಿಖರವಾಗಿರಲಿ, ಅದರ ಸಾಧನೆ ಎನ್ನುವಲ್ಲಿ ಮೂರು ಸಂಗತಿ ಬರಲಿ: ಯಾವ ಗ್ರಾಫ್‌ಗಳ ಪಟ್ಟಿ, ಅದನ್ನು ಹೇಗೆ ಹುಟ್ಟಿಸಿದಿರಿ, ಪ್ರತಿ ಗ್ರಾಫಿನ ಮೇಲೆ ಏನು ಪರೀಕ್ಷಿಸಿದಿರಿ. ಪಟ್ಟಿಯನ್ನು ನಾಟಿ (nauty) ಪ್ಯಾಕೇಜ್‌ನಲ್ಲಿರುವ, ಗ್ರಾಫ್‌ಗಳನ್ನು ಹುಟ್ಟಿಸುವ ಜೆಂಗ್ (geng) ಪ್ರೋಗ್ರಾಂನಿಂದ ಹುಟ್ಟಿಸಿದ್ದರೆ ಆವೃತ್ತಿ ಸಂಖ್ಯೆಯನ್ನೂ ಕೊಟ್ಟ ಆಯ್ಕೆಗಳನ್ನೂ ಬರೆಯಿರಿ. ಸ್ವಂತ ಕೋಡ್‌ನಿಂದ ಹುಟ್ಟಿಸಿದ್ದರೆ ಎಣಿಕೆಯನ್ನು ತಾಳೆ ನೋಡಿ. ಪರಸ್ಪರ ಐಸೊಮಾರ್ಫಿಕ್ ಅಲ್ಲದ (ಶೃಂಗಗಳ ಹೆಸರು ಬದಲಿಸಿದರೂ ಒಂದೇ ಆಗದ) ಕನೆಕ್ಟೆಡ್ ಗ್ರಾಫ್‌ಗಳು 9 ಶೃಂಗಗಳಿಗೆ 2,61,080, 10 ಶೃಂಗಗಳಿಗೆ 1,17,16,571. ನಿಮ್ಮ ಸಂಖ್ಯೆ ಇದಕ್ಕೆ ಒಂದು ಕಡಿಮೆಯಾದರೂ ಪಟ್ಟಿಯಲ್ಲಿ ಯಾವುದೋ ಗ್ರಾಫ್ ಬಿಟ್ಟುಹೋಗಿದೆ, ಅಲ್ಲಿಗೆ ಲೆಮ್ಮಾ ಇಲ್ಲ. ಈ ಎಣಿಕೆಗಳನ್ನೂ, ಅವುಗಳಲ್ಲಿ ನಿಮ್ಮ ವರ್ಗಕ್ಕೆ ಸೇರಿದವು ಎಷ್ಟು ಎನ್ನುವುದನ್ನೂ ಪುಟ್ಟ ಕೋಷ್ಟಕದಲ್ಲಿ ಹಾಕಿ. ರೆಫರಿ ತಾವೇ ಬೇರೆ ಕೋಡ್ ಬರೆದು ಆ ಕೋಷ್ಟಕವನ್ನು ಮತ್ತೆ ಪಡೆಯಲು ಸಾಧ್ಯವಾಗಬೇಕು. ಓಡಲು ಹಿಡಿದ ಸಮಯ, ಮೆಮೊರಿ ಇವನ್ನೂ ಒಂದು ಸಾಲಿನಲ್ಲಿ ಹೇಳಿ.

ಇಬ್ಬರು ಲೇಖಕರಿದ್ದೀರಿ. ಒಬ್ಬರು ಬರೆದ ಕೋಡನ್ನು ನೋಡದೆ ಇನ್ನೊಬ್ಬರು ಬೇರೆ ಭಾಷೆಯಲ್ಲಿ ಅದೇ ಪರೀಕ್ಷೆ ಬರೆದು, ಎರಡರ ಫಲಿತಾಂಶ ಒಂದೇ ಎಂದು ತೋರಿಸಿ. ಅದನ್ನು ಪೇಪರಿನಲ್ಲೂ ಹೇಳಿ. ವರ್ಣಸಂಖ್ಯೆ ‘ಇಷ್ಟಕ್ಕಿಂತ ಹೆಚ್ಚಿಲ್ಲ’ ಎನ್ನುವುದಕ್ಕೆ ಪ್ರತಿ ಗ್ರಾಫಿಗೂ ಸಿಕ್ಕ ಕಲರಿಂಗ್ ಅನ್ನೇ ಕಡತದಲ್ಲಿ ಉಳಿಸಬಹುದು. ಹಾಗೆ ಮಾಡಿದರೆ ಪರೀಕ್ಷಿಸುವವರು ನಿಮ್ಮ ಹುಡುಕಾಟದ ಕೋಡನ್ನು ನಂಬಬೇಕಿಲ್ಲ, ಪ್ರತಿ ಅಂಚಿನ ಎರಡು ತುದಿಗೂ ಬೇರೆ ಬಣ್ಣ ಇದೆಯೇ ಎಂದು ನೋಡಿದರೆ ಸಾಕು. ಅದು ಹತ್ತು ಸಾಲಿನ ಪ್ರೋಗ್ರಾಂ.

ಕೋಡ್ ಎಲ್ಲಿಡುವುದು: ಆರ್ಕೈವ್ ಸಲ್ಲಿಕೆಯಲ್ಲಿ ‘ಎಎನ್‌ಸಿ’ (anc) ಹೆಸರಿನ ಫೋಲ್ಡರ್ ಮಾಡಿ ಪೂರಕ ಕಡತಗಳಾಗಿ ಇಡಬಹುದು, ಅವು ಪೇಪರಿನ ಜೊತೆಗೇ ಉಳಿಯುತ್ತವೆ. ದತ್ತಾಂಶ ದೊಡ್ಡದಾದರೆ ಸಂಶೋಧನಾ ದತ್ತಾಂಶ ಇಡುವ ಝೆನೊಡೊ ತಾಣದಲ್ಲಿಟ್ಟು ಡಿಒಐ ಪಡೆಯಿರಿ. ಗಿಟ್‌ಹಬ್ ಕೊಂಡಿಯೊಂದನ್ನೇ ಕೊಡಬೇಡಿ, ಖಾತೆಯ ಹೆಸರು ಬದಲಾದರೆ, ಕಡತ ಅಳಿಸಿದರೆ ಸಾಧನೆಯ ಒಂದು ಭಾಗವೇ ಹೋದಂತೆ.

ಕಂಪ್ಯೂಟರ್ ಸಾಧನೆಗೆ ರೆಫರಿಗಳು ಹಿಂಜರಿಯಲು ಕಾರಣಗಳಿವೆ. ಕೆಪ್ಲರ್ ಊಹೆಯ (ಸಮಗಾತ್ರದ ಗೋಲಗಳನ್ನು ಅತಿ ಒತ್ತಾಗಿ ಜೋಡಿಸುವುದು ಹೇಗೆ ಎಂಬುದರ) ಬಗ್ಗೆ ಗಣಿತಜ್ಞ ಥಾಮಸ್ ಹೇಲ್ಸ್ 1998ರಲ್ಲಿ ಮುಗಿಸಿದ ಸಾಧನೆ ‘ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ನಲ್ಲಿ ಅಚ್ಚಾದದ್ದು 2005ರಲ್ಲಿ. ರೆಫರಿಗಳ ದೊಡ್ಡ ತಂಡ ವರ್ಷಗಟ್ಟಲೆ ಕೂತರೂ ಕಂಪ್ಯೂಟರ್ ಲೆಕ್ಕವನ್ನೆಲ್ಲ ಪೂರ್ತಿ ಪರೀಕ್ಷಿಸಲು ಆಗಲಿಲ್ಲ. ನಿಮ್ಮದು ಅದರ ಮುಂದೆ ಚಿಕ್ಕ ಲೆಕ್ಕ, ಚಿಕ್ಕದು ಎನ್ನುವುದನ್ನು ರೆಫರಿಗೆ ಕಾಣುವಂತೆ ಬರೆಯಿರಿ. ಸಾಧ್ಯವಾದರೆ 10 ಶೃಂಗಗಳ ಬದಲು 7ಕ್ಕೋ 8ಕ್ಕೋ ಸಾಕಾಗುವಂತೆ ವಾದವನ್ನು ಬಿಗಿಮಾಡಿ. 8 ಶೃಂಗಗಳಿಗೆ ಎಲ್ಲ ಗ್ರಾಫ್‌ಗಳೂ ಸೇರಿ ಬರೀ 12,346.

ಶೃಂಗಬಿಂದು

ಎಲ್ಲರಿಗೂ ಧನ್ಯವಾದ. ಪ್ರಮೇಯದ ಹೇಳಿಕೆಯನ್ನು ಮತ್ತೆ ಬರೆಯಬೇಕು ಅನ್ನಿಸುತ್ತಿದೆ, ಕನೆಕ್ಟೆಡ್ ಎನ್ನುವುದು ನಮ್ಮಲ್ಲಿ ಎರಡನೆಯ ವಿಭಾಗದಲ್ಲಿದೆ. ಉಳಿದಿರುವುದು ಎರಡು. ಕೆಲವು ಜರ್ನಲ್‌ಗಳು ರೆಫರಿಗಳ ಹೆಸರು ಸೂಚಿಸಿ ಎನ್ನುತ್ತವೆ, ಯಾರನ್ನು ಸೂಚಿಸಬಹುದು? ಮತ್ತೆ, ಎಷ್ಟು ತಿಂಗಳಾದ ಮೇಲೆ ವಿಚಾರಿಸಿದರೆ ತಪ್ಪಲ್ಲ?

ರೇಖಾಜಾಲ

ನೀವು ಸುಧಾರಿಸಿದ ಮಿತಿಯ ಲೇಖಕರು, ನೀವು ಬಳಸಿದ ತಂತ್ರವನ್ನು ಬೆಳೆಸಿದವರು, ಇವರೇ ಸಹಜ ಆಯ್ಕೆ. ಸಹಲೇಖಕರು, ಗೈಡ್, ಒಂದೇ ಸಂಸ್ಥೆಯವರು ಕೂಡದು. ಕ್ಷೇತ್ರದ ಅತಿ ಪ್ರಸಿದ್ಧರನ್ನೇ ಮೂವರನ್ನೂ ಬರೆಯಬೇಡಿ, ಅವರಿಗೆ ಬಿಡುವಿರುವುದಿಲ್ಲ. ಇತ್ತೀಚೆಗೆ ಡಾಕ್ಟರೇಟ್ ಮುಗಿಸಿ ಅದೇ ವಿಷಯದಲ್ಲಿ ಬರೆಯುತ್ತಿರುವವರು ಬಹಳ ಶ್ರದ್ಧೆಯಿಂದ ಓದುತ್ತಾರೆ. ನಿಮ್ಮ ಸೂಚನೆಯನ್ನು ಎಡಿಟರ್ ಪಾಲಿಸಲೇಬೇಕೆಂದಿಲ್ಲ.

ಸಮಯ: ಪೂರ್ತಿ ಪರಿಶೀಲನೆಗೆ ಹೋದ ಪೇಪರಿಗೆ ಆರು ತಿಂಗಳಿಂದ ಒಂದು ವರ್ಷ ಸಾಮಾನ್ಯ, ಅದನ್ನೂ ಮೀರಿದರೆ ಆಶ್ಚರ್ಯವಿಲ್ಲ. ರೆಫರಿ ನಿಮ್ಮ ಸಾಧನೆಯನ್ನು ಕಾಗದದ ಮೇಲೆ ಮತ್ತೆ ಮಾಡಿ ನೋಡುತ್ತಿರುತ್ತಾರೆ, ತಮ್ಮ ಪಾಠ-ಕೆಲಸಗಳ ನಡುವೆ. ಆರು ತಿಂಗಳಾಗುವವರೆಗೆ ಸುಮ್ಮನಿರಿ. ಸಲ್ಲಿಕೆಯ ವೆಬ್ ಪುಟದಲ್ಲಿ ಕಾಣುವ ‘ವಿತ್ ಎಡಿಟರ್’, ‘ಅಂಡರ್ ರಿವ್ಯೂ’ ಇವುಗಳಿಂದ ಏನನ್ನೂ ಊಹಿಸಲು ಹೋಗಬೇಡಿ. ರೆಫರಿ ಒಪ್ಪದೆ ಹೊಸಬರನ್ನು ಹುಡುಕುತ್ತಿದ್ದರೂ ಅದೇ ಪದ ಇರಬಹುದು.

ಸಮಶೇಷ

ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. 24 ಪುಟಕ್ಕೆ ಆರು ತಿಂಗಳು ಸರಿ. ಆದರೆ ಸಲ್ಲಿಸಿದ ಮೇಲೆ ಎರಡು ವಾರದಲ್ಲಿ ಪೇಪರ್ ಸಂಖ್ಯೆಯಿರುವ ಸ್ವೀಕೃತಿ ಬರದಿದ್ದರೆ ಆಗಲೇ ವಿಚಾರಿಸಿ. ಮೇಲ್ ಸ್ಪ್ಯಾಮ್‌ಗೆ ಹೋಗಿರಬಹುದು, ಸಲ್ಲಿಕೆಯ ಕೊನೆಯ ಹಂತದಲ್ಲಿ ಪಿಡಿಎಫ್ ತೆರೆದು ‘ಅನುಮೋದಿಸಿದೆ’ ಎಂದು ಒತ್ತುವುದು ಬಿಟ್ಟುಹೋಗಿರಬಹುದು. ಎಡಿಟೋರಿಯಲ್ ಮ್ಯಾನೇಜರ್ ಎಂಬ ಸಲ್ಲಿಕೆಯ ತಂತ್ರಾಂಶ ಬಳಸುವ ಜರ್ನಲ್‌ಗಳಲ್ಲಿ ಆ ಒತ್ತು ಬೀಳುವವರೆಗೆ ಪೇಪರ್ ಜರ್ನಲ್ ಕಚೇರಿಗೆ ತಲುಪುವುದೇ ಇಲ್ಲ. ತಿಂಗಳುಗಟ್ಟಲೆ ಕಾದು ಆಮೇಲೆ ಗೊತ್ತಾದರೆ ಏನು ಪ್ರಯೋಜನ?

ವಿಚಾರಿಸುವ ಮೇಲ್ ಮೂರು ಸಾಲು ಇರಲಿ. ಪೇಪರ್ ಸಂಖ್ಯೆ, ಶೀರ್ಷಿಕೆ, ಸಲ್ಲಿಸಿದ ದಿನಾಂಕ, ಆಮೇಲೆ ‘ಪರಿಶೀಲನೆ ಎಲ್ಲಿಗೆ ಬಂದಿದೆ ಎಂದು ತಿಳಿಸಲು ಸಾಧ್ಯವೇ?’ ಎಂಬ ಒಂದು ಪ್ರಶ್ನೆ. ಕೆಲಸದ ಅರ್ಜಿಗೋ ಪದವಿಗೋ ಗಡುವು ಇದ್ದರೆ ಅದನ್ನೂ ಸೇರಿಸಿ, ಎಡಿಟರ್‌ಗಳು ಅಂಥದ್ದನ್ನು ಗಮನಿಸುತ್ತಾರೆ.

ರಿಪೋರ್ಟ್ ಬಂದ ಮೇಲೆ ಎರಡು ದಿನ ಬಿಟ್ಟು ಮತ್ತೆ ಓದಿ. ಉತ್ತರ ಪತ್ರದಲ್ಲಿ ರೆಫರಿಯ ಪ್ರತಿ ಅಂಶವನ್ನು ಅವರ ಮಾತಿನಲ್ಲೇ ನಕಲು ಮಾಡಿ, ಕೆಳಗೆ ನಿಮ್ಮ ಉತ್ತರ ಬರೆಯಿರಿ. ‘ತಿದ್ದಿದ್ದೇವೆ’ ಎಂದರೆ ಸಾಲದು. ‘ಲೆಮ್ಮಾ 3.4ರಲ್ಲಿ ಡಿಗ್ರಿ ಕನಿಷ್ಠ 3 ಎಂಬ ಶರತ್ತು ಸೇರಿಸಿದ್ದೇವೆ. ಅದು ಬೇಕಾದದ್ದು ಎರಡನೆಯ ಪ್ರಕರಣಕ್ಕೆ. ಪುಟ 11, ಸಾಲು 6 ನೋಡಿ’ ಎಂದು ಬರೆಯಿರಿ. ರೆಫರಿ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ವಾದಿಸುವ ಬದಲು ಆ ವಾಕ್ಯವನ್ನು ಬಿಡಿಸಿ ಬರೆಯಿರಿ. ಅಷ್ಟು ಶ್ರದ್ಧೆಯಿಂದ ಓದಿದವರಿಗೇ ಅರ್ಥವಾಗದ ಜಾಗದಲ್ಲಿ ಉಳಿದ ಓದುಗರೂ ಎಡವುತ್ತಾರೆ. ರೆಫರಿ ಹೇಳಿದ್ದು ಗಣಿತದ ದೃಷ್ಟಿಯಿಂದ ತಪ್ಪಾಗಿದ್ದರೆ ಮಾತ್ರ ಒಂದು ಚಿಕ್ಕ ಉದಾಹರಣೆಯೊಂದಿಗೆ ವಿನಯವಾಗಿ ತೋರಿಸಿ. ಲೇಟೆಕ್‌ಡಿಫ್ ಎಂಬ ಉಪಕರಣದಿಂದ ಬದಲಾವಣೆಗಳು ಬಣ್ಣದಲ್ಲಿ ಕಾಣುವ ಪಿಡಿಎಫ್ ಮಾಡಿ ಜೊತೆಗಿಟ್ಟರೆ ಎರಡನೆಯ ಸುತ್ತು ಬೇಗ ಮುಗಿಯುತ್ತದೆ.

ತಿರಸ್ಕಾರವಾದರೂ ರಿಪೋರ್ಟಿನಲ್ಲಿರುವ ತಿದ್ದುಪಡಿಗಳನ್ನೆಲ್ಲ ಮಾಡಿಯೇ ಮುಂದಿನ ಜರ್ನಲ್‌ಗೆ ಕಳಿಸಿ. ಅಲ್ಲಿನ ಎಡಿಟರ್ ಅದೇ ರೆಫರಿಯನ್ನು ಕೇಳುವುದು ಅಪರೂಪವಲ್ಲ. ತಾವು ತೋರಿಸಿದ ತಪ್ಪು ಹಾಗೆಯೇ ಇರುವುದನ್ನು ನೋಡಿದ ರೆಫರಿ ಎರಡನೆಯ ಸಲ ಒಂದೇ ಸಾಲಿನ ರಿಪೋರ್ಟ್ ಬರೆಯುತ್ತಾರೆ.

ಮೂಲಕಡತ

ಒಪ್ಪಿಗೆಯ ನಂತರದ ಒಂದು ಹಂತವನ್ನು ಸೇರಿಸಿಬಿಡುತ್ತೇನೆ. ಅಚ್ಚಿಗೆ ಮುನ್ನ ಪ್ರೂಫ್ (ಅಚ್ಚಿನ ಕರಡು ಪುಟಗಳು) ಬರುತ್ತದೆ, ಕೆಲವು ಪ್ರಕಾಶಕರು 48 ಗಂಟೆಯಲ್ಲೇ ವಾಪಸ್ ಕೇಳುತ್ತಾರೆ. ನಿಮ್ಮ ಲೇಟೆಕ್ ಅನ್ನು ಅವರು ತಮ್ಮ ವ್ಯವಸ್ಥೆಗೆ ಪರಿವರ್ತಿಸಿರುತ್ತಾರೆ, ಹೊಸ ತಪ್ಪುಗಳು ಹುಟ್ಟುವುದು ಆಗಲೇ. ಕಣ್ಣಾಡಿಸಿದರೆ ಸಾಲದು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫ್ ನೋಡಬೇಕು. ‘ಚಿಕ್ಕದು’ ಮತ್ತು ‘ಚಿಕ್ಕದು ಅಥವಾ ಸಮ’ ಚಿಹ್ನೆಗಳು, ಕೆಳಸೂಚಿಯ ಕೆಳಸೂಚಿಗಳು, ಸಾಲು ಮುರಿದ ಉದ್ದ ಸೂತ್ರಗಳು, ಪ್ರಮೇಯಗಳ ಸಂಖ್ಯೆ ಇವುಗಳ ಮೇಲೆ ಬೆರಳಿಟ್ಟು ನೋಡಿ. ಭಾಷಾ ತಿದ್ದುಗಾರರು ‘ಆಗ ಮತ್ತು ಆಗ ಮಾತ್ರ’ ಎಂಬುದನ್ನು ‘ಆಗ’ ಎಂದು ಚೊಕ್ಕಮಾಡಿದ್ದರೆ ಪ್ರಮೇಯವೇ ಬದಲಾಗಿರುತ್ತದೆ. ಜೊತೆಗೆ ನಿಮ್ಮಿಬ್ಬರ ಹೆಸರಿನ ಇನಿಷಿಯಲ್, ಸಂಸ್ಥೆ, ಅನುದಾನದ ಸಂಖ್ಯೆ ನೋಡಿ, ಡಿಒಐ ಸಿಕ್ಕಿದ ಮೇಲೆ ಆರ್ಕೈವ್ ಪುಟದಲ್ಲಿ ಜರ್ನಲ್ ಉಲ್ಲೇಖದ ಜಾಗವನ್ನೂ ಡಿಒಐ ಜಾಗವನ್ನೂ ತುಂಬಿಸಿ. ಅದಕ್ಕೆ ಹೊಸ ಆವೃತ್ತಿ ಹಾಕಬೇಕಿಲ್ಲ.